ಮೈಸೂರರಮನೆಯ ಕಲ್ಯಾಣಮಂಟಪ

ಬೇಸಿಗೆಯ ರಜೆಯಲ್ಲಿ ನಾನು ಸೋಸಲೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆನು. ಭಾವನವರು ತೀರಿಕೊಂಡು ವರುಷ ತುಂಬಿರಲಿಲ್ಲ. ಮಗಳನ್ನು ಶಾಲೆಯಿಂದ ಬಿಡಿಸಬೇಕೆಂದು ಬಂಧುಗಳು ಹೇಳುತ್ತಿದ್ದರು. ಅಕ್ಕನೂ ಬಹುಮಟ್ಟಿಗೆ ಒಪ್ಪಿದ್ದಳು. ಅರಮನೆಯನ್ನು ನೋಡಬೇಕೆಂಬುದು ಹುಡುಗಿಯ ಬಹುದಿನಗಳ ಹಂಬಲವಾದುದರಿಂದ, ಒಂದು ದಿನ ಮುಂಜಾನೆ ಬುತ್ತಿ ಕಟ್ಟಿಕೊಂಡು ಮೂವರೂ ತಿರುಮಕೂಡಲು ನರಸೀಪುರದ ಮಾರ್ಗವಾಗಿ ಮೈಸೂರಿಗೆ ಹೊರಟೆವು.

ಪಾದರಕ್ಷೆಗಳನ್ನು ಹೊರಗಿಟ್ಟು ಒಳಹೊಕ್ಕೆವು. ಸುಮಾರು 145 ಅಡಿ ಎತ್ತರದ ಗೋಪುರವನ್ನೂ, ಬೂದುಬಣ್ಣದ ಕಲ್ಲಿನ ಕಮಾನುಗಳನ್ನೂ ಕಂಡು ಹುಡುಗಿಯು, “ಇದು ಎಷ್ಟು ಹಳೆಯದು?” ಎಂದು ಕೇಳಿದಳು. ನಾನು ತಿಳಿದಷ್ಟನ್ನು ಹೇಳಿದೆನು.

ಈ ಸ್ಥಳದಲ್ಲಿ ಮೊದಲು ಮರದ ಅರಮನೆಯಿತ್ತು. ಚಾಮರಾಜೇಂದ್ರ ಒಡೆಯರು 1894 ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾಲವಾದರು. ಕುಮಾರ ಕೃಷ್ಣರಾಜರಿಗೆ ಆಗ ಹತ್ತೇ ವಯಸ್ಸು. ಆದುದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ವಾಣೀವಿಲಾಸ ಸನ್ನಿಧಾನವೆಂಬ ಬಿರುದಿನಿಂದ 1902 ರ ವರೆಗೆ ರಾಜ್ಯಭಾರವನ್ನು ವಹಿಸಿದರು. 1897 ರಲ್ಲಿ ಹಿರಿಯ ಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹೋತ್ಸವದ ಕಾಲದಲ್ಲಿಯೇ ಬೆಂಕಿ ಬಿದ್ದು ಆ ಅರಮನೆಯು ಸುಟ್ಟುಹೋಯಿತು. ಪತಿವಿಯೋಗದ ದುಃಖವು ಆರುವ ಮೊದಲೇ ಮನೆಯೂ ಬೂದಿಯಾಯಿತು. ಆದರೂ ಅದೇ ವರುಷ ಹೊಸ ಅರಮನೆಯ ಕೆಲಸವು ಮೊದಲಾಯಿತು. ಸಿಮ್ಲಾದ ವೈಸರಾಯ್ ಭವನವನ್ನು ರಚಿಸಿದ್ದ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯು ನಕ್ಷೆಯನ್ನು ಮಾಡಿದನು. ಬೆಂಕಿಗೆ ಸುಲಭವಾಗಿ ತುತ್ತಾಗದಂತೆ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಬಳಸಿದರು. 41 ಲಕ್ಷಕ್ಕೂ ಮಿಗಿಲಾದ ರೂಪಾಯಿಗಳು ವೆಚ್ಚವಾಗಿ, 1912 ರಲ್ಲಿ ಕಟ್ಟಡವು ಪೂರ್ಣವಾಯಿತು.

ಮಾತನಾಡುತ್ತ ನಾವು ಎಂಟು ಮೂಲೆಗಳ ಕಲ್ಯಾಣಮಂಟಪಕ್ಕೆ ಬಂದಿದ್ದೆವು. ಮೇಲೆ ನವಿಲುಗಳನ್ನು ಬಿಡಿಸಿದ ಬಣ್ಣದ ಗಾಜಿನ ಛಾವಣಿ. ಅದನ್ನು ಹೊತ್ತಿರುವುವು ಗ್ಲಾಸ್ಗೋ ನಗರದಲ್ಲಿ ಎರಕಹೊಯ್ದ ಕಬ್ಬಿಣದ ಕಂಬಗಳು. ಮದುವೆಯ ಸಂಭ್ರಮದಲ್ಲಿಯೇ ಮನೆ ಉರಿದರೂ, ಹೊಸ ಮನೆಯಲ್ಲಿ ಮದುವೆಯ ಮಂಟಪವನ್ನು ಕೈಬಿಡಲಿಲ್ಲ. ಕಬ್ಬಿಣದ ಕಂಬಗಳನ್ನು ಕೊಟ್ಟು ಮತ್ತೆ ಕಟ್ಟಿದರು. ಈ ಮಾತನ್ನು ಕೇಳಿ ಅಕ್ಕನು ಒಂದು ಕಂಬದ ಬಳಿಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತಳು. “ಆಕೆಗೂ ಚಿಕ್ಕ ಮಕ್ಕಳಿದ್ದರು,” ಎಂದಷ್ಟೇ ನುಡಿದಳು.

ಸಂಜೆ ಊರಿಗೆ ಮರಳುವಾಗ ಹುಡುಗಿಯು ನವಿಲುಗಳ ಕನಸಿನಲ್ಲಿ ತಾಯಿಯ ತೊಡೆಯ ಮೇಲೆ ನಿದ್ರಿಸಿದ್ದಳು.

ಪ್ರಿಯ ಸೋದರಿಯರೇ, ತಾಯಿತಂದೆಗಳೇ! ನಷ್ಟವು ಅರಮನೆಗೂ ಬರುವುದು, ಗುಡಿಸಲಿಗೂ ಬರುವುದು. ಸುಟ್ಟುಹೋದುದನ್ನು ನೆನೆದು ಅಳುವುದು ತಪ್ಪಲ್ಲ. ಆದರೆ ಮಕ್ಕಳ ಪಾಲಿನ ಮಂಟಪವನ್ನು ಕಟ್ಟದೆ ಬಿಡಬಾರದು. ಮೊದಲಿಗಿಂತ ಗಟ್ಟಿಯಾದ ಕಂಬವನ್ನು ನಿಲ್ಲಿಸುವ ಬಲವನ್ನು ದೇವರು ಅನುಗ್ರಹಿಸುವನು. ನಮ್ಮ ಹೆಣ್ಣುಮಕ್ಕಳಿಗೆ ವಿದ್ಯೆಯೇ ಆ ಕಂಬವು.

ಶಾಲೆ ತೆರೆದ ದಿನ ಅಕ್ಕನು ಮಗಳನ್ನು ತಾನೇ ಕೈಹಿಡಿದು ಶಾಲೆಗೆ ಕರೆತಂದಳು.