ಬಾಲರಿಗೆ ಯೋಗದ ಮೊದಲ ಪಾಠ

ಎಳೆಯ ಮಕ್ಕಳು ಒಂದೆಡೆ ಕುಳಿತಿರಲಾರರೆಂದು ತಾಯಿತಂದೆಗಳೂ ಉಪಾಧ್ಯಾಯರೂ ದೂರುವುದುಂಟು. ಆದರೆ ಚಾಂಚಲ್ಯವು ಬಾಲ್ಯದ ಸಹಜಧರ್ಮವೇ ಹೊರತು ದೋಷವಲ್ಲ. ಕರುವು ನೆಗೆಯುತ್ತದೆ, ಚಿಗುರು ಗಾಳಿಗೆ ಅಲುಗುತ್ತದೆ; ಮಗುವೂ ಅಂತೆಯೇ. ಬೆತ್ತದ ಭಯದಿಂದ ಅದನ್ನು ಕಲ್ಲಿನಂತೆ ಕೂರಿಸಿದರೆ ದೇಹ ನಿಂತೀತು. ಮನಸ್ಸು ಒಳಗೇ ತಲ್ಲಣಿಸುತ್ತಿರುವುದು. ಆದುದರಿಂದ ಮಕ್ಕಳಿಗೆ ಯೋಗವನ್ನು ಕಲಿಸುವವರು ಒಂದು ಮಾತನ್ನು ಮೊದಲು ಮನಗಾಣಬೇಕು. ಯೋಗವು ಮಗುವನ್ನು ಸುಮ್ಮನಿರಿಸುವ ಉಪಾಯವಲ್ಲ. ಸುಮ್ಮನಿರುವುದರ ಸುಖವನ್ನು ಮಗು ತಾನೇ ಕಂಡುಕೊಳ್ಳುವ ದಾರಿ.

ಪತಂಜಲಿ ಮಹರ್ಷಿಯು ಯೋಗಕ್ಕೆ ಎಂಟು ಅಂಗಗಳನ್ನು ಹೇಳಿದನು. ಅವುಗಳಲ್ಲಿ ಯಮನಿಯಮಗಳು ಮೊದಲು, ಆಸನವು ಮೂರನೆಯದು, ಪ್ರಾಣಾಯಾಮವು ನಾಲ್ಕನೆಯದು. ಯಮಗಳಲ್ಲಿಯೂ ಮೊದಲನೆಯದು ಅಹಿಂಸೆ. ಆಸನಕ್ಕೆ ಆತನು ಹೇಳಿದ ಲಕ್ಷಣಗಳು ಎರಡೇ: ಸ್ಥೈರ್ಯ ಮತ್ತು ಸುಖ. ನೋವಿನಿಂದ ಮುಖ ಕಿವುಚಿಕೊಂಡ ಮಗುವಿನ ಭಂಗಿಯು ಎಷ್ಟೇ ಕಠಿನವಾಗಿರಲಿ, ಈ ಲಕ್ಷಣಕ್ಕೆ ಹೊಂದದು.

ಆರೇಳು ವರ್ಷದ ಮಕ್ಕಳಿಗೆ ದಿನಕ್ಕೆ ಹತ್ತು ಹದಿನೈದು ನಿಮಿಷಗಳ ಅಭ್ಯಾಸವೇ ಸಾಕು. ಬೆಳಗಿನ ಹೊತ್ತು, ಬರಿಯ ಹೊಟ್ಟೆ, ಗಾಳಿಯಾಡುವ ಜಾಗ, ನೆಲದ ಮೇಲೊಂದು ಜಮಖಾನ, ಇಷ್ಟೇ ಸಲಕರಣೆ. ಆಸನಗಳ ಹೆಸರುಗಳೇ ಮಕ್ಕಳಿಗೆ ಪ್ರಿಯವಾದವು. ವೃಕ್ಷಾಸನದಲ್ಲಿ ಮರವಾಗಲಿ, ಭುಜಂಗಾಸನದಲ್ಲಿ ಹೆಡೆಯೆತ್ತಿದ ಹಾವಾಗಲಿ, ಮಾರ್ಜಾಲಾಸನದಲ್ಲಿ ಬೆನ್ನು ಬಾಗಿಸುವ ಬೆಕ್ಕಾಗಲಿ. ಉಪಾಧ್ಯಾಯನು ತಾನೂ ಜೊತೆಗೂಡಿ ಮಾಡಿ ತೋರಬೇಕು; ದೂರದಲ್ಲಿ ನಿಂತು ಆಜ್ಞಾಪಿಸಬಾರದು. ಶೀರ್ಷಾಸನದಂತಹ, ಕೊರಳಿಗೆ ಭಾರ ಬೀಳುವ ಆಸನಗಳು ಎಳೆಯರಿಗೆ ತಕ್ಕವಲ್ಲ.

ಉಸಿರಿನ ಪಾಠದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯು ಪ್ರಾಣವಾಯುವನ್ನು ಸಿಂಹ, ಆನೆ, ಹುಲಿಗಳಿಗೆ ಹೋಲಿಸಿ, ಮೆಲ್ಲಮೆಲ್ಲನೆ ಪಳಗಿಸದಿದ್ದರೆ ಸಾಧಕನಿಗೇ ಕೇಡೆಂದು ಎಚ್ಚರಿಸುತ್ತದೆ. ಬೆಳೆದವರಿಗೇ ಹೀಗಿರುವಾಗ ಎಳೆಯರ ಮಾತೇನು? ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುವರು. ಮಕ್ಕಳ ಉಸಿರು ಸಹಜವಾಗಿಯೇ ಅದಕ್ಕಿಂತ ತ್ವರಿತ. ಆದುದರಿಂದ ಅವರಿಂದ ಕುಂಭಕವನ್ನು ಮಾಡಿಸಲಾಗದು; ಯಾರು ಹೆಚ್ಚು ಹೊತ್ತು ಉಸಿರು ಕಟ್ಟುವರೆಂಬ ಪಂದ್ಯವಂತೂ ಸರ್ವಥಾ ಕೂಡದು. ಹೂವನ್ನು ಮೂಸುವಂತೆ ಮೂಗಿನಿಂದ ಉಸಿರೆಳೆದು, ಬಿಸಿಗಂಜಿಯನ್ನು ಆರಿಸುವಂತೆ ಮೆಲ್ಲನೆ ಬಿಡಲಿ. ಒಳಗೆಳೆಯುವಾಗ ಮೂರೆಣಿಸಿದರೆ ಹೊರಬಿಡುವಾಗ ನಾಲ್ಕೆಣಿಸಲಿ. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತವು ತುಸು ತ್ವರಿತವಾಗಿ, ಹೊರಬಿಟ್ಟಾಗ ತುಸು ನಿಧಾನವಾಗುವುದು ದೇಹಧರ್ಮ. ನಿಶ್ವಾಸವು ದೀರ್ಘವಾದಾಗ ಮೈಯ ಉದ್ವೇಗ ಇಳಿಯುವುದಕ್ಕೆ ಇದೂ ಸಹಾಯಕ. ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಟ್ಟುವ ಭ್ರಾಮರಿಯೂ ಮಕ್ಕಳಿಗೆ ಮೆಚ್ಚು. ಉಬ್ಬಸವುಳ್ಳ ಮಗುವಿಗೆ ವೈದ್ಯರನ್ನು ಕೇಳಿಯೇ ಕಲಿಸತಕ್ಕದ್ದು. ಯಾವ ಮಗುವಿಗಾದರೂ ತಲೆ ತಿರುಗಿದರೆ ಒಡನೆ ನಿಲ್ಲಿಸಿ, ಸಹಜವಾಗಿ ಉಸಿರಾಡಗೊಡಬೇಕು.

ಕೊನೆಯದು ವಿಶ್ರಾಂತಿ. ಮಕ್ಕಳು ಅಂಗಾತ ಮಲಗಿ, ಮುಷ್ಟಿಯನ್ನು ಒಮ್ಮೆ ಬಿಗಿದು ಸಡಿಲಿಸಲಿ. ಹಾಗೆಯೇ ಭುಜ, ಕಾಲು, ಮುಖಗಳನ್ನೂ. ಬಿಗಿ ಯಾವುದೆಂದು ತಿಳಿದವನಿಗೇ ಸಡಿಲ ಯಾವುದೆಂದು ತಿಳಿಯುವುದು. ಹೊಟ್ಟೆಯ ಮೇಲೊಂದು ಹಗುರವಾದ ಎಲೆಯನ್ನಿಟ್ಟರೆ ಅದು ಏಳುವುದನ್ನೂ ಇಳಿಯುವುದನ್ನೂ ಮಗು ಕುತೂಹಲದಿಂದ ಗಮನಿಸುವುದು. ಎರಡು ಮೂರು ನಿಮಿಷ ಸಾಕು. ಕಣ್ಣು ಮುಚ್ಚಲು ಅಂಜುವ ಮಗುವನ್ನು ಬಲವಂತಪಡಿಸಬಾರದು. ನಗುವ ಮಗುವನ್ನು ಗದರಬಾರದು.

2015ರಿಂದ ಪ್ರತಿವರ್ಷ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವಾಗಿ ಆಚರಿಸಲಾಗುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರವು ಯೋಗಾಸನವನ್ನು ಸ್ಪರ್ಧಾಕ್ರೀಡೆಯೆಂದು ಮಾನ್ಯಮಾಡಿತು. ಇದರಿಂದ ಯೋಗದ ಪ್ರಚಾರವಾದುದು ಸಂತೋಷವೇ. ಆದರೆ ಎಳೆಯ ಮಗುವಿನ ಮೈಯನ್ನು ಪದಕಕ್ಕಾಗಿ ಬಗ್ಗಿಸಹೊರಟಾಗ ಹಿರಿಯರು ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬರುವ ಗೋರಕ್ಷನ ಪ್ರಸಂಗವನ್ನು ನೆನೆಯಬೇಕು. ಹಠಯೋಗದಿಂದ ವಜ್ರಕಾಯನಾಗಿದ್ದ ಗೋರಕ್ಷನ ಮೈಗೆ ಕತ್ತಿ ತಾಗಿದರೆ ಖಣಿಲೆಂದಿತು; ಅಲ್ಲಮಪ್ರಭುವಿನ ಮೈಯಲ್ಲಿ ಅದೇ ಕತ್ತಿ ಬಯಲಲ್ಲಿ ಬೀಸಿದಂತೆ ತಡೆಯಿಲ್ಲದೆ ಹಾಯ್ದಿತು. ಕಾಯದ ಕಾಠಿಣ್ಯವು ಸಿದ್ಧಿಯಲ್ಲ, ಅಹಂಕಾರದ ಲಯವೇ ಸಿದ್ಧಿ ಎಂಬುದನ್ನು ಗೋರಕ್ಷನು ಆಗ ಅರಿತನು. ಶರಣರು ದೇಹವನ್ನು ಹಳಿಯಲಿಲ್ಲ, ಅದನ್ನು ಶಿವನ ಮನೆಯೆಂದೇ ಭಾವಿಸಿದರು. ಆದರೆ ಮನೆಯ ಗೋಡೆಯನ್ನು ಮೆರೆಯಿಸುತ್ತ ಒಳಗಿನ ದೀಪವನ್ನು ಮರೆಯಲೂ ಇಲ್ಲ.

ಹಾಗಾದರೆ ಮಗು ಯೋಗವನ್ನು ಕಲಿತಿತೆಂದು ತಿಳಿಯುವುದೆಂತು? ಎಷ್ಟು ಆಸನಗಳು ಬಂದವೆಂದು ಎಣಿಸುವುದರಿಂದಲ್ಲ. ತನ್ನ ಪುಸ್ತಕವನ್ನು ಹರಿದ ಗೆಳೆಯನ ಮೇಲೆ ಎತ್ತಿದ ಕೈಯನ್ನು, ಒಮ್ಮೆ ದೀರ್ಘವಾಗಿ ಉಸಿರುಬಿಟ್ಟು ತಾನಾಗಿಯೇ ಇಳಿಸಿದ ಬಾಲಕನು ಯೋಗದ ಮೊದಲ ಮೆಟ್ಟಿಲನ್ನು ಏರಿದಂತೆ. ಪತಂಜಲಿಯು ಅಹಿಂಸೆಯನ್ನು ಮೊದಲಿಗಿಟ್ಟುದರ ಮರ್ಮವೂ ಅಲ್ಲಿಯೇ ಇದೆ. ಮಕ್ಕಳಿಗೆ ಕಲಿಸುವ ಹಿರಿಯರು ಆ ಕೈಯನ್ನು, ಅದಕ್ಕೂ ಮೊದಲು ತಮ್ಮ ಕೈಯ ಬೆತ್ತವನ್ನು, ಇಳಿಸುವುದನ್ನು ಅಭ್ಯಸಿಸಲಿ.