ನಾಯಿಯ ಹೊಟ್ಟೆಯುಬ್ಬರವೂ ಜಠರದ ತಿರುಚುವಿಕೆಯೂ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಅಡಿಕೆ, ತೆಂಗಿನ ತೋಟಗಳನ್ನು ಮಂಗ, ಹಂದಿಗಳಿಂದ ಕಾಯುವದಕ್ಕೆ ನಾಯಿಯು ಬಹಳ ಉಪಯುಕ್ತವಾದ ಪ್ರಾಣಿಯಾಗಿರುತ್ತದೆ. ಇಂಥ ನಾಯಿಯ ಹೊಟ್ಟೆಯು ಒಮ್ಮೆಲೇ ಉಬ್ಬಿದರೆ, ದನಕ್ಕೆ ಮಾಡುವಂತೆ ಗೊಟ್ಟದಿಂದ ಎಣ್ಣೆ ಕುಡಿಸಬಾರದು. ಎರಡರಲ್ಲಿಯೂ ಉಬ್ಬರವು ಒಂದೇ ತೆರನಾಗಿ ಕಂಡರೂ ಒಳಗಿನ ಕಾರಣವು ಬೇರೆ.

ಮಳೆಗಾಲದ ಎಳೆಹುಲ್ಲನ್ನು ಮಿತಿಮೀರಿ ಮೇಯ್ದ ದನದ ಹೊಟ್ಟೆಯಲ್ಲಿ ವಾಯುವು ನೊರೆಯೊಳಗೆ ಸಿಕ್ಕಿಕೊಂಡಿರುವದುಂಟು. ಎಣ್ಣೆಯು ಆ ನೊರೆಯನ್ನು ಒಡೆಯುತ್ತದೆ. ನಾಯಿಯಲ್ಲಾದರೋ ವಾಯುವಿನಿಂದ ಹಿಗ್ಗಿದ ಜಠರವು ತಿರುಚಿಕೊಂಡು, ಎರಡು ಕಡೆ ಕಟ್ಟಿದ ಚೀಲದಂತಾಗುವದು. ರಕ್ತನಾಳಗಳು ಅದುಮಲ್ಪಟ್ಟು, ಹೃದಯಕ್ಕೆ ಮರಳತಕ್ಕ ರಕ್ತವು ತಡೆದು, ಜಠರದ ಗೋಡೆಯೇ ಕೊಳೆಯತೊಡಗುವದು. ಕೆಲವೇ ತಾಸುಗಳಲ್ಲಿ ನಾಯಿಯು ಸಾಯಬಹುದು. ಆಗ ಕುಡಿಸಿದ ಎಣ್ಣೆಯು ಜಠರಕ್ಕಿಳಿಯದೆ ಶ್ವಾಸಕೋಶವನ್ನು ಹೊಗುವ ಭಯವುಂಟು.

ಲಕ್ಷಣಗಳು: ನಾಯಿಯು ಮೇಲಿಂದ ಮೇಲೆ ಓಕರಿಸುವದು, ಆದರೆ ಏನೂ ಹೊರಬೀಳದು. ಜೊಲ್ಲು ಸುರಿಯುವದು, ನಿಂತಲ್ಲಿ ನಿಲ್ಲದೆ ಚಡಪಡಿಸುವದು. ಪಕ್ಕೆಲುಬಿನ ಹಿಂದೆ ಹೊಟ್ಟೆಯು ಬಿಗಿದು, ತಟ್ಟಿದರೆ ಡೋಲಿನಂತೆ ಸಪ್ಪಳವಾಗುವದು. ಒಸಡುಗಳು ಬಿಳಿಚಿದರೆ ಸ್ಥಿತಿಯು ಕೈಮೀರುತ್ತಿದೆಯೆಂದು ತಿಳಿಯತಕ್ಕದ್ದು.

ಉಪಾಯ: ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರು ನಳಿಗೆಯಿಂದಾಗಲಿ ಸೂಜಿಯಿಂದಾಗಲಿ ವಾಯುವನ್ನು ತೆಗೆದು, ರಕ್ತನಾಳದಲ್ಲಿ ದ್ರವವನ್ನು ಏರಿಸುವರು. ಆದರೆ ತಿರುಚಿದ ಜಠರವನ್ನು ಸರಿಪಡಿಸುವದು ಶಸ್ತ್ರಕ್ರಿಯೆಯಿಂದಲೇ ಸಾಧ್ಯ. ಅದೇ ಸಮಯಕ್ಕೆ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ನಿಲ್ಲಿಸದಿದ್ದರೆ ರೋಗವು ಮರುಕಳಿಸುವ ಸಂಭವವು ಹೆಚ್ಚು.

ಎದೆಯು ಆಳವಾಗಿರುವ ದೊಡ್ಡ ನಾಯಿಗಳಿಗೆ ಈ ರೋಗವು ವಿಶೇಷವಾಗಿ ತಗಲುವದು. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್ ತಳಿಗಳು ಇದಕ್ಕೆ ಪ್ರಸಿದ್ಧವಾಗಿವೆ. ನಮ್ಮ ಮುಧೋಳ ನಾಯಿಯ ಎದೆಯೂ ಆಳವಾದುದರಿಂದ ಅದನ್ನು ಸಾಕಿದವರೂ ಎಚ್ಚರವಿರುವದು ಒಳ್ಳೆಯದು. ಅಮೇರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯದವರು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಶೋಧನೆಯಂತೆ, ವಯಸ್ಸಾದ ನಾಯಿಗೂ, ಅವಸರದಿಂದ ತಿನ್ನುವ ನಾಯಿಗೂ, ತಂದೆತಾಯಿ ಅಥವಾ ಒಡಹುಟ್ಟಿದವುಗಳಿಗೆ ಈ ರೋಗ ಬಂದಿದ್ದ ನಾಯಿಗೂ ಅಪಾಯವು ಅಧಿಕ.

ಆದುದರಿಂದ ದಿನದ ಅನ್ನವನ್ನೆಲ್ಲ ರಾತ್ರಿ ಒಂದೇ ಹೊತ್ತಿಗೆ ಸುರಿಯದೆ 2 ಅಥವಾ 3 ಹೊತ್ತು ಹಂಚಿ ಹಾಕಬೇಕು. ಹಲವು ನಾಯಿಗಳಿದ್ದರೆ ಬೇರೆ ಬೇರೆ ಉಣಿಸಿದಲ್ಲಿ ಪೈಪೋಟಿಯಿಂದ ನುಂಗಲಾರವು. ಉಂಡ ತರುವಾಯ ಒಂದು ತಾಸಾದರೂ ತೋಟದಲ್ಲಿ ಓಡಲು ಬಿಡದಿರುವದು ಲೇಸು.

ಘಟ್ಟದ ಬುಡದ ಹಳ್ಳಿಗಳಿಂದ ಆಸ್ಪತ್ರೆಯು ದೂರವಿರುತ್ತದೆ. ಗ್ರಾಮದ ಮುಖಂಡರು ಹತ್ತಿರದ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನೂ, ಸಂಚಾರಿ ಪಶುಚಿಕಿತ್ಸೆಯ 1962 ಎಂಬ ಸಂಖ್ಯೆಯನ್ನೂ ಎಲ್ಲರಿಗೂ ಕಾಣುವಂತೆ ಬರೆಯಿಸಿಡಬೇಕು. ಶಸ್ತ್ರಕ್ರಿಯೆಯು ಎಲ್ಲಿ ದೊರೆಯುವದೆಂಬದನ್ನೂ ಮೊದಲೇ ಕೇಳಿ ತಿಳಿದಿರತಕ್ಕದ್ದು.