ನೀರಿನ ಜಾಡು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಇವು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಇಲ್ಲಿಯ ತೋಟದ ಮನೆಗಳಲ್ಲಿ ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗುತ್ತದೆ. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಹದವಾಯಿತೇ ಇಲ್ಲವೇ ಎಂದು ತಿಳಿಯಲು ಅನುಭವಿಗಳು ಕಾಯನ್ನು ಒಡೆಯುವುದಿಲ್ಲ. ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ನೀರಿನ ಸದ್ದಾದರೆ ಇನ್ನೂ ಕಾಯಬೇಕು. ಒಣಗಿದ ತಿರುಳು ಚಿಪ್ಪಿಗೆ ಬಡಿದ ಸದ್ದಾದರೆ ಕೆಳಗಿಳಿಸಬಹುದು. ಒಡೆಯದೆ ಒಳಗನ್ನು ಅರಿಯುವ ಇಂಥದೇ ಜಾಣ್ಮೆ ಯಂತ್ರಗಳನ್ನು ದುರಸ್ತು ಮಾಡುವವರಿಗೂ ಬೇಕಾಗುತ್ತದೆ.

ಈ ಸೀಮೆಯ ಕೆಲವು ಹಳೆಯ ಮನೆಗಳ ಮುಂದೆ, ಹಿಂದೊಮ್ಮೆ ಊರಿಗೆಲ್ಲ ಹೆಮ್ಮೆಯಾಗಿದ್ದ ಅಂಬಾಸಿಡರ್ ಕಾರು ನಿಂತಿರುವುದುಂಟು. ಕೊಲ್ಕತ್ತದ ಸಮೀಪದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಕೊನೆಯಿಂದ 2014ರವರೆಗೆ ಇದನ್ನು ತಯಾರಿಸಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಇದರ ಮೂಲ ಮಾದರಿ. 1489 ಸಿ.ಸಿ.ಯ ಪೆಟ್ರೋಲ್ ಎಂಜಿನು ಇದರಲ್ಲಿ ದಶಕಗಳ ಕಾಲ ಬಳಕೆಯಲ್ಲಿತ್ತು. ಬಾನೆಟ್ಟನ್ನು ಎತ್ತಿದರೆ ಒಳಗಿನ ಭಾಗಗಳೆಲ್ಲ ಕೈಗೆಟಕುವಂತಿರುವುದರಿಂದ ಮೇಸ್ತ್ರಿಗಳಿಗೆ ಇಂದಿಗೂ ಇದು ಪ್ರಿಯವಾದ ವಾಹನ.

ತುರುವೇಕೆರೆಯ ಕಡೆಯ ತೋಟದ ಮನೆಯೊಂದರಲ್ಲಿ, 1980ರ ಸುಮಾರಿಗೆ ಕೊಂಡ ಇಂಥದೊಂದು ಕಾರು ಉಳಿದಿದೆಯೆಂದು ಭಾವಿಸೋಣ. ಅದರ ಚಾಲಕರು ಯೌವನದಲ್ಲಿ ಆ ಮನೆಗೆ ಬಂದವರು. ಈಗ ತಲೆ ನರೆತಿದೆ. ಕೊಬ್ಬರಿ ಹರಾಜಿನ ದಿನ ಯಜಮಾನರನ್ನು ತಿಪಟೂರಿನ ಮಾರುಕಟ್ಟೆಗೆ ಕರೆದೊಯ್ಯುವುದು ಅವರ ಕೆಲಸ. ಒಂದು ಬೇಸಗೆಯಲ್ಲಿ ಕಾರಿನ ನೀರು ಕಡಿಮೆಯಾಗತೊಡಗಿತು. ಹೋಗಿ ಬರುವಷ್ಟರಲ್ಲಿ ರೇಡಿಯೇಟರಿನಿಂದ ಒಂದು ಚೊಂಬು ನೀರು ಮಾಯ! ಬೆಳಿಗ್ಗೆ ನೋಡಿದರೆ ಕಾರಿನ ಕೆಳಗಿನ ನೆಲ ಒಣಗಿಯೇ ಇರುತ್ತಿತ್ತು. ರೇಡಿಯೇಟರಿಗೆ ಬೆಸುಗೆ ಹಾಕಿಸಿದ್ದಾಯಿತು, ರಬ್ಬರು ಕೊಳವೆಗಳನ್ನು ಬದಲಿಸಿದ್ದಾಯಿತು, ಫಲ ಕಾಣಲಿಲ್ಲ. ಕೊನೆಗೊಂದು ದಿನ ದಾರಿಯ ನಡುವೆ ಎಂಜಿನು ಕಾದು ಆವಿ ಎದ್ದಿತು.

“ನೀರು ಹಾಕಿದ್ದೇನೆ ಎನ್ನುತ್ತೀಯಲ್ಲ, ನೆಲದ ಮೇಲೆ ಒಂದು ತೊಟ್ಟೂ ಬಿದ್ದಿಲ್ಲ. ಹಾಕಿದ ನೀರು ಎಲ್ಲಿ ಹೋಯಿತಪ್ಪಾ?” ಎಂದರು ಯಜಮಾನರು.

“ದಿನವೂ ಹಾಕುತ್ತಿದ್ದೇನೆ, ಯಜಮಾನರೇ” ಎಂದು ಚಾಲಕರು ಹೇಳಿದರು. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ತೋಚಲಿಲ್ಲ.

ವಯಸ್ಸಾಯಿತು, ಮರೆವು ಬಂದಿದೆ ಎಂಬ ಮಾತು ಮನೆಯಲ್ಲಿ ಹಬ್ಬಿತು. ಮುಂದಿನ ತಿಂಗಳಿನಿಂದ ಬೇರೊಬ್ಬರನ್ನು ನೇಮಿಸಿಕೊಳ್ಳುವ ಯೋಚನೆಯೂ ನಡೆಯಿತು. ಕಾರನ್ನು ತಿಪಟೂರಿನ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ ತಂದಾಗ ಪರಿಸ್ಥಿತಿ ಹೀಗಿತ್ತು.

ಕಾರಿಗೆ ನೀರು ಏಕೆ ಬೇಕು? ಎಂಜಿನಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಗಾಲಿಗಳನ್ನು ತಿರುಗಿಸಲು ಒದಗುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಉಳಿದುದರಲ್ಲಿ ಒಂದು ಭಾಗ ಹೊಗೆಯೊಡನೆ ಹೊರಗೆ ಹೋಗುತ್ತದೆ. ಇನ್ನೊಂದು ಭಾಗವನ್ನು ನೀರು ಹೊತ್ತೊಯ್ಯಬೇಕು. ಎರಕದ ಕಬ್ಬಿಣದ ಎಂಜಿನಿನ ಗೋಡೆಗಳ ನಡುವೆ ನೀರು ಹರಿಯಲು ಪೊಳ್ಳು ದಾರಿಗಳಿವೆ. ಪಂಪು ನೀರನ್ನು ಅಲ್ಲಿ ತಿರುಗಿಸುತ್ತದೆ. ಕಾದ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ ಗಾಳಿಗೆ ತಣಿದು ಮತ್ತೆ ಎಂಜಿನಿಗೆ ಮರಳುತ್ತದೆ. ರೇಡಿಯೇಟರಿನ ಮುಚ್ಚಳವೂ ಸಾಮಾನ್ಯವಾದುದಲ್ಲ. ಸಮುದ್ರಮಟ್ಟದಿಂದ ಸುಮಾರು 860 ಮೀಟರು ಎತ್ತರದಲ್ಲಿರುವ ತಿಪಟೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಸ್ಪ್ರಿಂಗಿನ ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಡುವುದರಿಂದ, ಪ್ರೆಷರ್ ಕುಕ್ಕರಿನಲ್ಲಿ ಆಗುವಂತೆ, ನೀರು ನೂರು ಡಿಗ್ರಿಯನ್ನು ದಾಟಿದರೂ ಬೇಗ ಕುದಿಯುವುದಿಲ್ಲ. ಕಾದ ಎಂಜಿನಿನ ಮುಚ್ಚಳವನ್ನು ತೆರೆಯಬಾರದೆಂಬ ಎಚ್ಚರಿಕೆಗೆ ಇದೇ ಕಾರಣ. ಒತ್ತಡ ತಪ್ಪಿದೊಡನೆ ನೀರು ಭುಗಿಲೆಂದು ಚಿಮ್ಮಿ ಮುಖವನ್ನು ಸುಡುತ್ತದೆ. ಅವಸರದಲ್ಲಿ ಮುಚ್ಚಳ ತಿರುಗಿಸಿ ಮುಖ, ಕೈ ಸುಟ್ಟುಕೊಂಡವರುಂಟು.

ಕಾರನ್ನು ಅಂಗಡಿಗೆ ತರುವ ಮುನ್ನ ಯಜಮಾನರು ಅದನ್ನು ಚೆನ್ನಾಗಿ ತೊಳೆಸಿದ್ದರು. ಮೇಸ್ತ್ರಿಗೆ ಅದು ಹಿಡಿಸಲಿಲ್ಲ. ಈ ಭಾಗದ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಹಂಡೆಯಲ್ಲಿ ಕಾಯಿಸಿದರೆ ಒಳಮೈಗೆ ಬಿಳಿಯ ಪೊರೆ ಕಟ್ಟುತ್ತದೆ. ಬಿಸಿ ಕಬ್ಬಿಣದ ಮೇಲೆ ಸೋರಿದ ನೀರು ಆರಿಹೋದರೂ ಅಂಥದೇ ಬಿಳಿಯ ಗೆರೆ ಉಳಿಯುತ್ತದೆ. ತೊಳೆದುದರಿಂದ ಅಂಥ ಗುರುತುಗಳು ಬಹುಪಾಲು ಅಳಿಸಿಹೋಗಿದ್ದವು.

ಮೇಸ್ತ್ರಿ ಉಪಕರಣಗಳಿಗೆ ಕೈಹಾಕುವ ಮೊದಲು ಚಾಲಕರನ್ನು ಕೇಳಿದರು: “ನೀರು ಕಡಿಮೆಯಾಗುವುದು ಕಾರು ನಿಂತಾಗಲೋ ಓಡಿದಾಗಲೋ?”

“ರಾತ್ರಿಯೆಲ್ಲ ನಿಂತರೆ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ತುರುವೇಕೆರೆ ಪೇಟೆಗೆ ಮಾತ್ರ ಹೋಗಿ ಬಂದರೆ ಒಂದು ಲೋಟ ಹಿಡಿಸುತ್ತದೆ. ತಿಪಟೂರಿಗೆ ಬಂದು ಹೋದರೆ ಒಂದು ಚೊಂಬು.”

ಮರೆವಿನ ಮನುಷ್ಯನ ಮಾತಲ್ಲ ಇದು. ಮೇಸ್ತ್ರಿ ಯಜಮಾನರ ಮುಖವನ್ನೊಮ್ಮೆ ನೋಡಿ ಕೆಲಸಕ್ಕೆ ತೊಡಗಿದರು.

ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರು. ನೀರು ಒಳಗೊಳಗೇ ಎಣ್ಣೆಗೆ ಸೇರುತ್ತಿದ್ದರೆ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಎಣ್ಣೆ ಶುದ್ಧವಾಗಿತ್ತು. ಎಂಜಿನು ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಚಾಲೂ ಮಾಡಿಸಿದರು, ಹೆಡ್ ಗ್ಯಾಸ್ಕೆಟ್ಟು ಹೋಗಿದ್ದರೆ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳು ಏಳಬಹುದು, ಏಳಲಿಲ್ಲ. ಫ್ಯಾನನ್ನು ಹಿಡಿದು ಅಲುಗಿಸಿದಾಗ ಪಂಪಿನ ದಂಡ ಬಿಗಿಯಾಗಿಯೇ ಇತ್ತು. ಪಂಪಿನ ಒಳಗಿನ ಸೀಲು ಸವೆದರೆ ತಿಳಿಯಲೆಂದು ಅದರ ತಳದಲ್ಲಿ ಬಿಟ್ಟಿರುವ ಸಣ್ಣ ರಂಧ್ರವೂ ಒಣಗಿತ್ತು. ಕೊಳವೆಗಳಲ್ಲಿಯಾಗಲಿ, ಮುಚ್ಚಳದ ರಬ್ಬರಿನಲ್ಲಿಯಾಗಲಿ ದೋಷ ಕಾಣಲಿಲ್ಲ.

ಇಲ್ಲಿ ಸ್ವಲ್ಪ ಆಲೋಚಿಸಬೇಕು. ಎಂಜಿನು ಓಡುವಾಗ ಒಳಗೆ ಒತ್ತಡವಿರುತ್ತದೆ, ಆಗ ನೀರು ಸೋರುತ್ತದೆ. ಆದರೆ ಕಬ್ಬಿಣವೂ ಕಾದಿರುವುದರಿಂದ ಸೋರಿದ ನೀರು ನೆಲಕ್ಕೆ ಬೀಳುವ ಮೊದಲೇ ಆವಿಯಾಗುತ್ತದೆ. ಎಂಜಿನು ತಣಿದ ಮೇಲೆ ಹನಿ ಆವಿಯಾಗದೆ ಉಳಿಯಬಲ್ಲದು. ಆದರೆ ಆಗ ಒತ್ತಡವಿಲ್ಲ, ಸೋರಿಕೆಯೂ ಇಲ್ಲ. ಹೀಗಾಗಿ ಸೋರುವಾಗ ಕಾಣುವುದಿಲ್ಲ, ಕಾಣಬಹುದಾದಾಗ ಸೋರುವುದಿಲ್ಲ! ಮೇಸ್ತ್ರಿಗೆ ಬೇಕಾಗಿದ್ದುದು ತಣ್ಣನೆಯ ಎಂಜಿನಿನಲ್ಲಿ ಒತ್ತಡ.

ಅದಕ್ಕೆ ಸಾಧನವುಂಟು. ಸೈಕಲ್ಲಿನ ಪಂಪನ್ನು ಹೋಲುವ ಒಂದು ಕೈಪಂಪು, ಅದಕ್ಕೊಂದು ಒತ್ತಡಮಾಪಕ. ಅದನ್ನು ರೇಡಿಯೇಟರಿನ ಬಾಯಿಗೆ ಬಿಗಿದು, ಮುಚ್ಚಳದ ಮೇಲೆ ನಮೂದಾಗಿರುವ ಒತ್ತಡ ಬರುವವರೆಗೆ ಮಾತ್ರ ಗಾಳಿಯನ್ನು ತುಂಬಬೇಕು. ಮೀರಿದರೆ ಹಳೆಯ ರೇಡಿಯೇಟರು ಒಡೆದೀತು. ಮೇಸ್ತ್ರಿ ಮೊದಲು ಎಂಜಿನಿನ ಮೈಯನ್ನು ಒಣ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣವನ್ನು ಪುಡಿಮಾಡಿ ಸಂದುಗಳಿಗೆಲ್ಲ ತೆಳುವಾಗಿ ಉದುರಿಸಿದರು. ಅನಂತರ ಗಾಳಿ ತುಂಬಿ, ಬೆಂಚಿನ ಮೇಲೆ ಕುಳಿತು ಕಾಫಿ ತರಿಸಿದರು. ಯಜಮಾನರಿಗೆ ಇದು ಕಾಲಹರಣವೆನಿಸಿರಬೇಕು. ಮಾಪಕದ ಮುಳ್ಳು ಮಾತ್ರ ಕಂಡೂ ಕಾಣದಂತೆ ಕೆಳಗಿಳಿಯುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಕೈಕೆಳಗಿನ ಹುಡುಗ ಕಾರಿನ ಅಡಿಯಿಂದ ಕೂಗಿದ: “ಸಿಕ್ಕಿತು ಮೇಸ್ತ್ರಿ! ಗೇರ್ ಬಾಕ್ಸ್ ಸೇರುವಲ್ಲಿ ಹನಿ ನಿಂತಿದೆ.”

“ಅಲ್ಲಿ ನೀರಿನ ದಾರಿಯೇ ಇಲ್ಲವಲ್ಲ. ಹನಿ ನಿಂತ ಜಾಗ ಬೇರೆ, ಹೊರಟ ಜಾಗ ಬೇರೆ. ಮೇಲಕ್ಕೆ ನೋಡು” ಎಂದರು ಮೇಸ್ತ್ರಿ.

ಹುಡುಗ ಟಾರ್ಚನ್ನೂ ಒಂದು ಪುಟ್ಟ ಕನ್ನಡಿಯನ್ನೂ ಹಿಡಿದು ನೋಡಿದ. ಸುಣ್ಣದ ಬಿಳುಪಿನಲ್ಲಿ ಒದ್ದೆಯ ಕಪ್ಪು ಗೆರೆಯೊಂದು ಎಂಜಿನಿನ ಅಂಚನ್ನು ಹಿಡಿದು ಓರೆಯಾಗಿ ಸಾಗಿತ್ತು. ಗೆರೆಯನ್ನೇ ಅನುಸರಿಸುತ್ತ ಹೋದಾಗ ಅದು ಎಂಜಿನಿನ ಪಕ್ಕದ ಗೋಡೆಯಲ್ಲಿದ್ದ, ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ಒಂದು ಉಕ್ಕಿನ ಬಿಲ್ಲೆಯ ಬಳಿ ಮುಗಿಯಿತು. ಬಿಲ್ಲೆಯ ಅಡಿಯ ಮೂಲೆಯಲ್ಲಿ, ತೊಳೆಯುವವರ ಕೈಗೆ ಎಟಕದೆ, ಹಳೆಯ ಬಿಳಿಯ ಕಲೆಯೂ ಉಳಿದಿತ್ತು.

ಎಂಜಿನನ್ನು ಎರಕ ಹೊಯ್ಯುವಾಗ ನೀರಿನ ದಾರಿಗಳು ಪೊಳ್ಳಾಗಿ ಉಳಿಯಲೆಂದು ಅಲ್ಲಿ ಮರಳಿನ ಅಚ್ಚನ್ನು ಇಡುತ್ತಾರೆ. ಎರಕ ಆರಿದ ಮೇಲೆ ಮರಳನ್ನು ಹೊರತೆಗೆಯಲು ಗೋಡೆಯಲ್ಲಿ ಕಿಂಡಿಗಳು ಬೇಕಷ್ಟೆ. ಆ ಕಿಂಡಿಗಳನ್ನು ಮುಚ್ಚುವ ಬಿಲ್ಲೆಗಳೇ ಇವು. ಕೋರ್ ಪ್ಲಗ್ಗುಗಳೆಂದು ಇವುಗಳ ಹೆಸರು. ತೆಳುವಾದ ಉಕ್ಕಿನವಾದುದರಿಂದ, ಬರಿಯ ನೀರನ್ನೇ ವರ್ಷಾನುಗಟ್ಟಲೆ ತುಂಬಿದರೆ ಒಳಗಿನಿಂದ ತುಕ್ಕು ಹಿಡಿಯುತ್ತವೆ. ಹೊರಗೆ ಬಣ್ಣ ಗಟ್ಟಿಯಾಗಿದ್ದರೂ ಒಳಗೆ ಹಾಳೆಯಷ್ಟೇ ಉಳಿದಿರುತ್ತದೆ.

ಮೇಸ್ತ್ರಿ ನೀರನ್ನು ಬಸಿದು, ಬಿಲ್ಲೆಯ ನಡುವೆ ತೂತು ಹೊಡೆದು ಅದನ್ನು ಮೀಟಿ ತೆಗೆದರು. ಕಿಂಡಿಯ ಅಂಚನ್ನು ಉಜ್ಜಿ, ಅಂಟನ್ನು ಸವರಿ, ಹೊಸ ಬಿಲ್ಲೆಯನ್ನು ಅದರ ಉಬ್ಬು ಹೊರಕ್ಕೆ ಬರುವಂತೆ ಕೂರಿಸಿ ನಡುಮಧ್ಯಕ್ಕೆ ಸುತ್ತಿಗೆಯಿಂದ ಹದವಾದ ಏಟು ಕೊಟ್ಟರು. ಉಬ್ಬು ತಗ್ಗಿದಂತೆ ಬಿಲ್ಲೆಯ ಅಂಚು ಸುತ್ತಲೂ ಹಿಗ್ಗಿ ಕಿಂಡಿಗೆ ಕಚ್ಚಿಕೊಂಡಿತು. ಮತ್ತೆ ಗಾಳಿ ತುಂಬಿ ನೋಡಿದರು. ಈ ಸಲ ಮುಳ್ಳು ಕದಲಲಿಲ್ಲ.

ಕೊಳವೆಬಾವಿಯ ನೀರನ್ನು ಇನ್ನು ಹಾಕಬಾರದೆಂದು ಹೇಳಿ, ಭಟ್ಟಿ ಇಳಿಸಿದ ನೀರಿಗೆ ಸಮಪ್ರಮಾಣದ ಕೂಲೆಂಟನ್ನು ಬೆರೆಸಿ ತುಂಬಿದರು. ಕೂಲೆಂಟಿನಲ್ಲಿ ಮುಖ್ಯವಾಗಿರುವುದು ಎಥಿಲೀನ್ ಗ್ಲೈಕಾಲ್. ಅದು ನೀರಿನ ಕುದಿಬಿಂದುವನ್ನು ಏರಿಸುತ್ತದೆ. ಜೊತೆಗೆ ಬೆರೆಸಿರುವ ಇತರ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಆದರೆ ಅದು ಸಿಹಿಯಾದ ವಿಷ. ನೆಲದ ಮೇಲೆ ಚೆಲ್ಲಿದುದನ್ನು ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ. ಮೇಸ್ತ್ರಿ ಡಬ್ಬಿಯ ಬಾಯನ್ನು ಬಿಗಿದು ಮೇಲಿನ ಹಲಗೆಯ ಮೇಲಿಟ್ಟರು.

ಯಜಮಾನರು ಹಳೆಯ ಬಿಲ್ಲೆಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದರು. ಮೇಸ್ತ್ರಿ ಹೊಡೆದ ತೂತಿನ ಪಕ್ಕದಲ್ಲಿ, ರಾಗಿಯ ಕಾಳಿಗಿಂತಲೂ ಚಿಕ್ಕದಾದ ಇನ್ನೊಂದು ರಂಧ್ರದಿಂದ ಬೆಳಕು ಬಂದಿತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಾಲಕರ ಕಡೆಗೆ ತಿರುಗಿ, “ಮುಂದಿನ ಹರಾಜಿಗೆ ಎಷ್ಟು ಹೊತ್ತಿಗೆ ಹೊರಡೋಣಪ್ಪಾ?” ಎಂದು ಕೇಳಿದರು.

“ಬೆಳಿಗ್ಗೆ ಏಳಕ್ಕೆ ಹೊರಟರೆ ಸಾಕು, ಯಜಮಾನರೇ” ಎಂದರು ಅವರು.

ಹರಾಜು ಮುಗಿಸಿ ಹಿಂದಿರುಗಿದ ಮರುದಿನ ಮುಂಜಾನೆ, ಎಂಜಿನು ಪೂರ್ತಿ ತಣಿದ ಮೇಲೆ ಚಾಲಕರು ಮುಚ್ಚಳ ತೆರೆದು ನೋಡಿದರು. ನೀರು ತುಂಬಿದ್ದ ಮಟ್ಟದಲ್ಲಿಯೇ ಇತ್ತು.